ಕೆಪ್ಪಜೋಗದ ದಾರಿಯಲ್ಲಿರೋ ಊರು

ಹೆಗ್ಗರಣೆ ಅಂದ್ರೆ ಆಫೀಸಲ್ಲಿ ಯಾರಿಗೂ ಗೊತ್ತಾಗಲ್ಲ. ‘ಉಂಚಳ್ಳಿ ಜಲಪಾತದ ಹತ್ರ’ ಅಂದ್ರೆ ಮಾತ್ರ ‘ಓ, ರೀಲ್ಸ್‌ನಲ್ಲಿ ನೋಡಿದೀನಿ’ ಅಂತಾರೆ. ಸಿದ್ದಾಪುರ ತಾಲ್ಲೂಕಿನ ನಮ್ಮೂರಿಂದ ಸುಮಾರು 5 ಕಿ.ಮೀ. ಹೋದರೆ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಧುಮುಕುತ್ತೆ. 1845ರಲ್ಲಿ ಬ್ರಿಟಿಷ್ ಕಲೆಕ್ಟರ್ ಲಶಿಂಗ್ಟನ್ ಇದನ್ನ ‘ಪತ್ತೆ’ ಮಾಡಿದ ಅಂತ ಹೇಳ್ತಾರೆ, ಅವನ ಹೆಸರನ್ನೇ ಇಟ್ಟರು. ಊರವರಿಗೆ ಮಾತ್ರ ಅದು ಕೆಪ್ಪಜೋಗ. ಹತ್ರ ನಿಂತ್ರೆ ಕಿವಿ ಕೆಪ್ಪಾಗುವಷ್ಟು ಸದ್ದು. ಪತ್ತೆ ಮಾಡೋಕೆ ಅದೇನು ಕಳೆದುಹೋಗಿತ್ತಾ!

ನನ್ನ ಕೇಳಿದ್ರೆ ಊರಿನ ಚರಿತ್ರೆ ನೋಡೋಕೆ ಸೊಪ್ಪಿನ ಬೆಟ್ಟಕ್ಕೆ ಹೋಗಬೇಕು. ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಬೆಟ್ಟ. ಬ್ರಿಟಿಷರ ಕಾಲದಲ್ಲೇ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಜಾಗ ಸರ್ಕಾರದ್ದು. ಸೊಪ್ಪು, ದರಕು ತರೋ ಹಕ್ಕು ತೋಟದವರದ್ದು. ಮರ ಕಡಿದು ಮಾರೋ ಹಾಗಿಲ್ಲ. ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಸಗಣಿ ಜೊತೆ ಕೊಳೆತು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತೆ. ತೋಟ, ಕೊಟ್ಟಿಗೆ, ಬೆಟ್ಟ ಮೂರಕ್ಕೂ ದುಡಿಯೋ ಕೈ ಬೇಕು. ಊರು ನಿಂತಿದ್ದೇ ಈ ಲೆಕ್ಕದ ಮೇಲೆ.

2019ರಲ್ಲಿ ಶಿರಸಿ ಅಡಿಕೆಗೆ ಜಿಐ ಟ್ಯಾಗ್ ಸಿಕ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕು ಅದರಲ್ಲಿದೆ. ಖುಷಿನೇ. ಆದರೆ ಮರ ಹತ್ತೋ ಕೊನೆಗೌಡರು ಎಲ್ಲಿ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ, ಆಮೇಲೆ ಕೊನೆ ಕೊಯ್ಯೋಕೆ ಅವರನ್ನ ಕಾಯ್ತಾ ಕೂರಬೇಕು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೆಲಸ ಆಗುತ್ತೆ. ಸೊಪ್ಪು ತರೋಕೆ ಅಂಥ ದೋಟಿ ಇಲ್ಲ. ನಮ್ಮ ಕೊಟ್ಟಿಗೆಯಲ್ಲಿ ಆರು ದನ ಇದ್ದದ್ದು ಈಗ ಒಂದು. ಚೀಲದ ಗೊಬ್ಬರ ಬರುತ್ತೆ, ಬೆಟ್ಟದ ಕಡೆ ಯಾರೂ ತಲೆ ಹಾಕಲ್ಲ.

ಕಳೆದ ತಿಂಗಳು ಅಜ್ಜ ಫೋನಲ್ಲಿ, ‘ಬೆಟ್ಟಕ್ಕೆ ಹೋಗ್ದೆ ಎರಡು ವರ್ಷ ಆತು ತಂಗಿ, ಜನವೇ ಸಿಕ್ತ್ವಿಲ್ಲೆ’ ಅಂದ. ಆಮೇಲೆ ಹವಾಮಾನದ ಮಾತಿಗೆ ಹೋದ. ನನಗೆ ಮಾತ್ರ ಬೇರೆಯದೇ ಚಿಂತೆ ಹತ್ತಿಕೊಂಡಿತು. ನಮ್ಮ ಬೆಟ್ಟದ ಗಡಿ ಯಾವ ಮರದಿಂದ ಯಾವ ಹಳ್ಳದವರೆಗೆ ಅಂತ ಮನೇಲಿ ಗೊತ್ತಿರೋದು ಅವನೊಬ್ಬನಿಗೆ. ಅಪ್ಪನಿಗೆ ಅರ್ಧ ಗೊತ್ತು. ಬೆಂಗಳೂರಲ್ಲಿರೋ ನಾವು ಮೂರು ಮೊಮ್ಮಕ್ಕಳಿಗೆ ಏನೂ ಗೊತ್ತಿಲ್ಲ. ತೋಟ ಮಾರಬೇಕಾ, ಗೇಣಿಗೆ ಕೊಡಬೇಕಾ ಅಂತ ವಾಟ್ಸ್ಯಾಪಲ್ಲಿ ಚರ್ಚೆ ಮಾಡೋಕೆ ಮಾತ್ರ ನಾವು ಮುಂದೆ.

ಅಜ್ಜನಿಗೆ 84. ಏರು ಹತ್ತೋದು ಕಷ್ಟ. ಮಳೆ ನಿಂತು ಉಂಬಳ ಕಡಿಮೆ ಆಗೋ ಹೊತ್ತಿಗೆ, ನವೆಂಬರ್‌ನಲ್ಲಿ ಒಂದು ವಾರ ರಜೆ ಹಾಕಿದೀನಿ. ದಿನಾ ಸ್ವಲ್ಪ ಸ್ವಲ್ಪ ನಡೆದು, ಅಜ್ಜ ತೋರಿಸಿದ ಒಂದೊಂದು ಮರವನ್ನೂ ಫೋನಿನ ಮ್ಯಾಪಲ್ಲಿ ಗುರುತು ಹಾಕ್ಕೋಬೇಕು. ಅಲ್ಲಿ ನೆಟ್‌ವರ್ಕ್ ಸಿಗಲ್ಲ, ಮ್ಯಾಪನ್ನ ಮೊದಲೇ ಡೌನ್‌ಲೋಡ್ ಮಾಡಿಟ್ಕೊಂಡಿದೀನಿ.