ಬೊಮ್ಮನೂ ಯೆಹೂದಿ ಕಾಗದಗಳೂ

ಯೆಹೂದಿಗಳ ಚದುರಿಕೆಯ ಚರಿತ್ರೆಯೆಂದೊಡನೆ ಬ್ಯಾಬಿಲೋನಿನ ಸೆರೆ, ಕ್ರಿ.ಶ. 70ರಲ್ಲಿ ರೋಮನರು ಕೆಡವಿದ ಜೆರೂಸಲೇಮಿನ ದೇವಾಲಯ ನೆನಪಿಗೆ ಬರುತ್ತವೆ. ಆ ಚರಿತ್ರೆಯ ಒಂದು ಎಳೆ ಮಂಗಳೂರಿನ ಕಡಲತಡಿಯವರೆಗೂ ಬಂದಿದೆಯೆಂಬ ಸಂಗತಿಗೆ ಕನ್ನಡ ಅಧ್ಯಯನದಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಹೋದೆಡೆಯ ವ್ಯವಹಾರದ ನುಡಿಯನ್ನು ತಮ್ಮದಾಗಿಸಿಕೊಳ್ಳುವುದು ಈ ಜನರ ಪುರಾತನ ರೂಢಿ. ಕ್ರಿ.ಪೂ. 5ನೆಯ ಶತಮಾನದಲ್ಲಿ ನೈಲ್ ನದಿಯ ಎಲೆಫಂಟೈನ್ ದ್ವೀಪದಲ್ಲಿದ್ದ ಯೆಹೂದಿ ಸೈನಿಕರು ಅರಮಾಯಿಕ್ ಭಾಷೆಯಲ್ಲಿ ಬರೆದರು. ಅಲೆಕ್ಸಾಂಡ್ರಿಯದವರು ಧರ್ಮಗ್ರಂಥವನ್ನೇ ಗ್ರೀಕಿಗೆ ತಂದುಕೊಂಡರು. ಮುಂದೆ ಅರಬ್ ನಾಡುಗಳ ಯೆಹೂದಿ ವರ್ತಕರು ಅರಬ್ಬಿಯನ್ನು ಹೀಬ್ರೂ ಲಿಪಿಯಲ್ಲಿ ಬರೆದರು. ಅಂಥವರಲ್ಲೊಬ್ಬ, ಟ್ಯುನಿಸಿಯದ ಮಹದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು, 1132ರ ವೇಳೆಗೆ ಮಂಗಳೂರಿಗೆ ಬಂದನು. 1149ರಲ್ಲಿ ಏಡನ್ನಿಗೆ ಮರಳುವವರೆಗೆ ಈ ಕರಾವಳಿಯಲ್ಲಿ ಕಂಚು-ಹಿತ್ತಾಳೆಯ ಕಾರ್ಖಾನೆ ನಡೆಸಿದನು. ಮೆಣಸು, ಅಡಕೆ, ಕಬ್ಬಿಣಗಳನ್ನು ಕಡಲಾಚೆಗೆ ಕಳುಹಿದನು. ಆಶು ಎಂಬ ದಾಸಿಗೆ ಅವನು ಬರೆದುಕೊಟ್ಟ ಬಿಡುಗಡೆಯ ಪತ್ರ 1132ರ ಅಕ್ಟೋಬರ್ ತಿಂಗಳಿನದು. ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರ ಊಹೆ.

ದೇವರ ಹೆಸರಿರಬಹುದಾದ ಬರಹವನ್ನು ಹಾಳುಗೆಡವಬಾರದೆಂಬ ನಂಬಿಕೆಯಿಂದ ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯೊಂದರಲ್ಲಿ, ಗೆನೀಜಾದಲ್ಲಿ, ಒಟ್ಟಿದ ಕಾಗದಗಳ ನಡುವೆ ಅವನ ಲೆಕ್ಕ, ಓಲೆಗಳೂ ಉಳಿದವು. ಅವುಗಳಲ್ಲಿ ಯಿಜುವಿನ ದಾಸನೊಬ್ಬನ ಹೆಸರಿದೆ. ದಾಸನೆಂದರೂ ಒಡೆಯನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ನಡೆಸಿಬಂದವನು. 1148ರ ಓಲೆಯಲ್ಲಿ ಅಲ್ಲಿನ ವರ್ತಕ ಖಲಫ್ ಅವನಿಗೆ ಹೆಸರು ಹಿಡಿದು ವಂದನೆ ತಿಳಿಸಿದ್ದಾನೆ. ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಆ ಲಿಪಿಯಲ್ಲಿ ಎಸ್.ಡಿ. ಗೊಯ್ಟೈನ್ ಕಂಡದ್ದು 'ಬಾಮಾ'. ಮಂಗಳೂರಿನ ವಿದ್ವಾಂಸ ಬಿ.ಎ. ವಿವೇಕ ರೈಯವರ ನೆರವಿನಿಂದ ಅಮಿತಾವ್ ಘೋಷ್ ತಮ್ಮ 1992ರ ಇಂಗ್ಲಿಷ್ ಕೃತಿಯಲ್ಲಿ ಅದನ್ನು 'ಬೊಮ್ಮ' ಎಂದು ಓದಿದರು. ಸೆಮಿಟಿಕ್ ಪಾಂಡಿತ್ಯಕ್ಕೆ ದಕ್ಕದಿದ್ದುದು ಕರಾವಳಿಯ ಕಿವಿಗೆ ದಕ್ಕಿತು.

ಅಷ್ಟಕ್ಕೇ ಹೆಮ್ಮೆಪಟ್ಟು ನಿಲ್ಲುವುದು ತರವಲ್ಲ. ಈ ಓದು ಇನ್ನೂ ಊಹೆಯೇ. ಅದನ್ನು ಒರೆಗೆ ಹಚ್ಚಬೇಕಾದವರು ಶಾಸನಗಳ ಬೊಮ್ಮಯ್ಯ, ಬೊಮ್ಮಣ್ಣಂದಿರನ್ನು ಬಲ್ಲವರು. ಅಂದಿನ ಅಳುಪರ ಶಾಸನಗಳು ದಾನಿಯನ್ನೂ ದತ್ತಿಯನ್ನೂ ಹೇಳುತ್ತವೆ. ಪರರ ಸರಕು ಹೊತ್ತು ಹಡಗೇರಿದ ಆಳಿಗೆ ಕಲ್ಲು ನೆಡುವವರಾರು? ಅಂಥವನ ಸುಳಿವಿರುವುದು ವಲಸಿಗರ ಈ ರದ್ದಿಯಲ್ಲಿ. ಆಕರಗಳು ಕೈಗೆಟುಕವೆಂಬ ನೆಪವೂ ಈಗಿಲ್ಲ: ಗೊಯ್ಟೈನ್, ಫ್ರೀಡ್ಮನ್ ಅವರ ಇಂಗ್ಲಿಷ್ ಸಂಪುಟ 2008ರಲ್ಲೇ ಹೊರಬಂದಿದೆ. ಆದರೆ ಬರಿಯ ಅನುವಾದದಲ್ಲಿ ಹೆಸರುಗಳ ತಕರಾರು ತೀರದು. ಹಳಗನ್ನಡವನ್ನೂ ತುಳುವನ್ನೂ ಬಲ್ಲ ಇಬ್ಬರು ಸಂಶೋಧಕರಿಗಾದರೂ ಹೀಬ್ರೂ ಲಿಪಿಯನ್ನೂ ಅರಬ್ಬಿಯನ್ನೂ ಕಲಿಸುವುದು ಕನ್ನಡ ವಿಭಾಗಗಳಿಗೆ ಹೊರತಾದ ಕೆಲಸವೇನಲ್ಲ. ಯಿಜುವಿನ ಕಾಗದಗಳಲ್ಲಿ ಬೊಮ್ಮನಲ್ಲದೆ ಈ ನಾಡಿನ ಬೇರೆ ಹೆಸರುಗಳೂ ಇವೆ.