ಹೂಂ, ಊಹೂಂ ಮತ್ತು ನಡಾವಳಿ ಪುಸ್ತಕ
ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಪಕ್ಕದ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಹೊರಡಿಸಿದ್ದ 1,777 ಎಕರೆ ಜಮೀನಿನ ಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಅದೂ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತ ಮೇಲೆ. ಖಾಸಗಿ ಯೋಜನೆಗೆ 2013ರ ಕೇಂದ್ರ ಕಾಯ್ದೆ ಶೇ 80ರಷ್ಟು ಬಾಧಿತ ಕುಟುಂಬಗಳ ಸಮ್ಮತಿ ಕೇಳುತ್ತದೆ. ಇಲ್ಲಿ ಬಳಸಿದ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆಯಲ್ಲಿ ಆ ಷರತ್ತೇ ಇಲ್ಲ. ನೋಟಿಸ್ ಬಂದ ಮೇಲೆ ಕರೆಯುವ ಸಭೆಯಲ್ಲಿ ಮಾತಿಗೆ ಉಳಿಯುವುದು ದರವೊಂದೇ; ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ ಬಿಡಬೇಕೇ ಎಂಬ ಮೊದಲ ಪ್ರಶ್ನೆ ಆಗಲೇ ತೀರ್ಮಾನವಾಗಿರುತ್ತದೆ.

ಎಲ್ಲರೂ ಒಪ್ಪಲೆಂದು ಕಾದರೆ ಕೈಗಾರಿಕೆ ಬರುವುದು ಯಾವಾಗ ಎನ್ನುವವರಿದ್ದಾರೆ. ಜಮೀನು ಕೊಡಲು ಸಿದ್ಧರಿದ್ದವರೂ ಇದ್ದರು, ನಿಜ. ಅವರು ಕೊಡಬಹುದೆಂದು ಸರ್ಕಾರವೇ ಹೇಳಿತಲ್ಲ! ಒಮ್ಮತಕ್ಕೆ ಎಲ್ಲರ ಹೂಂ ಬೇಕಿಲ್ಲ. ಊಹೂಂ ಎಂದವರ ಕಾರಣ ಬರಹಕ್ಕಿಳಿದು, ಅದಕ್ಕೆ ಉತ್ತರ ಸಿಗಬೇಕು. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಹಾಜರಿ ಸಹಿಯ ಪಕ್ಕ ಅದಕ್ಕೊಂದು ಕಾಲಂ ಇರಲಿ.