ನಾಲ್ಕು ಮುಖದ ಮೈಕು, ಮಾಳಮಡ್ಡಿಯ ಪಡಸಾಲೆ

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಉದ್ದ 1,507 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆ ಆದಾಗ ನಮ್ಮ ವಾಟ್ಸಾಪ್ ಗ್ರೂಪುಗಳ ತುಂಬ ಅದರದೇ ವಿಡಿಯೊ. ಅಂಥದೊಂದನ್ನು ಕಣ್ಣು ಮುಚ್ಚಿ ಕೇಳಿ ನೋಡಿ. ರೈಲು ಯಾವ ಕಡೆಯಿಂದ ಬಂತು, ಅನೌನ್ಸ್‌ಮೆಂಟ್ ತಲೆ ಮೇಲಿಂದಲೋ ಬೆನ್ನ ಹಿಂದಿನಿಂದಲೋ, ಏನೂ ತಿಳಿಯಲ್ಲ. ಒಂದೂವರೆ ಕಿಲೋಮೀಟರ್ ಜಾಗ ಒಂದು ಚುಕ್ಕೆಯಾಗಿ ಕೂತಿರುತ್ತೆ.

ಇದಕ್ಕೆ ಐವತ್ತು ವರ್ಷ ಹಳೆಯ ಉಪಾಯವೊಂದಿದೆ, ಆಂಬಿಸಾನಿಕ್ಸ್ ಅಂತ. 1970ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಗಣಿತಜ್ಞ ಮೈಕೇಲ್ ಗರ್ಜನ್ ಮತ್ತು ಸಂಗಡಿಗರು ಕಟ್ಟಿದ್ದು. (ಶಬ್ದದ ಕೆಲಸಕ್ಕೆ ಎಂಥ ಹೆಸರು ನೋಡಿ!) ಸಮೋಸಾಕ್ಕೆ ನಾಲ್ಕು ಮುಖ ಇರ್ತಾವಲ್ಲ, ಹಾಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ನಾಲ್ಕು ಪುಟ್ಟ ಮೈಕುಗಳನ್ನು ಆದಷ್ಟು ಹತ್ತಿರ ಜೋಡಿಸಿದರೆ ಆಂಬಿಸಾನಿಕ್ ಮೈಕ್ ರೆಡಿ. ಅದರಿಂದ ಬರುವ ನಾಲ್ಕು ಟ್ರ್ಯಾಕಿಗೆ ಎ-ಫಾರ್ಮ್ಯಾಟ್ ಅಂತಾರೆ. ಆಮೇಲಿನದು ಬರೀ ಕೂಡಿಸೋದು, ಕಳೆಯೋದು. ನಾಲ್ಕನ್ನೂ ಕೂಡಿಸಿದರೆ ಡಬ್ಲ್ಯು, ಅಂದ್ರೆ ದಿಕ್ಕಿಲ್ಲದ ಒಟ್ಟು ಸಪ್ಪಳ. ಮುಂದಿನ ಎರಡರಿಂದ ಹಿಂದಿನ ಎರಡನ್ನು ಕಳೆದರೆ ಎಕ್ಸ್. ಎಡದಿಂದ ಬಲ ಕಳೆದರೆ ವೈ, ಮೇಲಿನಿಂದ ಕೆಳಗಿನದು ಕಳೆದರೆ ಜೆಡ್. ಇದು ಬಿ-ಫಾರ್ಮ್ಯಾಟ್.

ಬಿ-ಫಾರ್ಮ್ಯಾಟ್ ಅಂದ್ರೆ ಜೋಳದ ಹಿಟ್ಟು ಇದ್ದಂಗ. ಡಬ್ಬಿಯಲ್ಲಿ ಹಿಟ್ಟಿದ್ದರೆ ಇವತ್ತು ರೊಟ್ಟಿ ಬಡೀಬಹುದು, ನಾಳೆ ಅಂಬಲಿ ಕಾಸಬಹುದು. ಕೇಳುವವರ ಹತ್ರ ಎರಡು ಇಯರ್‌ಫೋನ್ ಇದೆಯೋ ಎಂಟು ಸ್ಪೀಕರ್ ಇದೆಯೋ ಅನ್ನೋದನ್ನು ರೆಕಾರ್ಡ್ ಮಾಡುವಾಗ ಯೋಚಿಸಬೇಕಿಲ್ಲ, ಆ ಕೆಲಸ ಡಿಕೋಡರ್‌ದು. ಕೇಳುವವರು ತಲೆ ಎಡಕ್ಕೆ ತಿರುಗಿಸಿದರೆ ಎಕ್ಸ್ ಮತ್ತು ವೈಗಳನ್ನು ಸೈನ್-ಕೊಸೈನ್ ಹಾಕಿ ಬೆರೆಸಿದರಾಯ್ತು, ಇಡೀ ಜಾಗವೇ ತಿರುಗುತ್ತೆ. ಹೈಸ್ಕೂಲಿನಲ್ಲಿ ಬೈಕೊಂಡು ಕಲಿತ ತ್ರಿಕೋನಮಿತಿ ಇಷ್ಟು ಚಂದದ ಕೆಲಸಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಕಾಲದಲ್ಲಿ ಮಾರುಕಟ್ಟೆ ಇದನ್ನು ಕೇಳಲಿಲ್ಲ. ವಿಆರ್ ಬಂದ ಮೇಲೆ ಜೀವ ಬಂತು. 2016ರಿಂದ ಯೂಟ್ಯೂಬಿನ 360 ಡಿಗ್ರಿ ವಿಡಿಯೊಗಳೂ ಇದನ್ನು ಒಪ್ಪಿಕೊಂಡವು.

ಧಾರವಾಡದಾಗ ಇದರ ಕೆಲಸ ಏನು? ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಹಾಡಿದ್ದು 78 ಆರ್‌ಪಿಎಂ ತಟ್ಟೆಗಳಿಗೆ, ಒಂದು ಬದಿಗೆ ಮೂರು-ಮೂರೂವರೆ ನಿಮಿಷ. ಕಂಠ ಉಳಿಯಿತು, ಅದೇ ದೊಡ್ಡದು. ಆದರೆ ಈ ಊರಿನ ಸಂಗೀತ ಬೆಳೆದದ್ದು ಮನೆಗಳ ಪಡಸಾಲೆಯಲ್ಲಿ. ತಂಬೂರಿ ಎಲ್ಲಿತ್ತು, ಯಾವ ಮೂಲೆಯಿಂದ ‘ವಾಹ್’ ಬಂತು, ಹೆಂಚಿನ ಮಾಡು ದನಿಯನ್ನು ಹೇಗೆ ಹಿಂದಿರುಗಿಸಿತು, ಇವೆಲ್ಲ ಆ ತಟ್ಟೆಗಳಲ್ಲಿಲ್ಲ. ಅಂಥ ಮನೆಗಳು ಈಗ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗ್ತಿವೆ. ಮಾಳಮಡ್ಡಿಯ ನಮ್ಮ ಅಜ್ಜಿ ಮನೆಯದೂ ಕರಾರು ಆಗಿದೆ.

ಹಾಗಾಗಿ ಶ್ರಾವಣ ಸೋಮವಾರದ ಭಜನೆಗೆ ನಾಲ್ಕು ಕ್ಯಾಪ್ಸೂಲಿನ ಪುಟ್ಟ ರೆಕಾರ್ಡರ್ ಒಯ್ದೆ. ಪಡಸಾಲೆ ನಡುವೆ, ಕುಂತವರ ಕಿವಿಯ ಎತ್ತರಕ್ಕೆ ಇಟ್ಟೆ. “ಏನೋ ಇದು, ಎಲ್ಲಾರ ನಡುವ ಲಿಂಗ ಕುಂಡ್ರಿಸಿದಂಗ ಕುಂಡ್ರಿಸಿಯಲ್ಲ!” ಅಂದ್ರು ಕಾಕಾ. ಎಡಕ್ಕೆ ಪೇಟಿ, ಬಲಕ್ಕೆ ತಬಲಾ, ಸುತ್ತ ತಾಳ, ಹಿಂದೆ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ. ಯಾವುದನ್ನೂ ನಿಲ್ಲಿಸಲಿಲ್ಲ. 24 ಬಿಟ್, 48 ಕಿಲೋಹರ್ಟ್ಸ್, ನಾಲ್ಕು ಟ್ರ್ಯಾಕ್ ಅಂದ್ರೆ ಗಂಟೆಗೆ ಸುಮಾರು 2 ಜಿಬಿ.

ಮಂಗಳಾರತಿ ಆದ ಮೇಲೆ ಎಲ್ಲರನ್ನೂ ಸುಮ್ಮನಾಗಿಸಿ ಬಲೂನು ಒಡೆದೆ. “ಇದ್ಯಾವ ಹಬ್ಬದ ಪಟಾಕಿನೋ?” ಅಂದ್ರು ಅಜ್ಜಿ. ಬಲೂನಿನ ಆ ಒಂದು ‘ಫಟ್’ ಗೋಡೆ, ತೊಲೆ, ಹೆಂಚಿಗೆಲ್ಲ ಬಡಿದು ಹೇಗೆ ಆರಿತು ಅನ್ನೋದೇ ಆ ಕೋಣೆಯ ಗುರುತು. ಇಂಪಲ್ಸ್ ರೆಸ್ಪಾನ್ಸ್ ಅಂತಾರೆ. ಮನೆ ಬಿದ್ದ ಮೇಲೂ, ಬೇರೆಲ್ಲೋ ಹಾಡಿದ ದನಿಯನ್ನು ಕಾನ್ವಲ್ಯೂಷನ್ ಲೆಕ್ಕದಿಂದ ಅದರೊಳಗೆ ಸೇರಿಸಿದರೆ ಅದೇ ಪಡಸಾಲೆಯಲ್ಲಿ ಹಾಡಿದಂತೆ ಕೇಳಿಸುತ್ತೆ. ನನಗೆ ಭಜನೆಗಿಂತ ಈ ‘ಫಟ್’ ಮುಖ್ಯ ಅನ್ನಿಸಿತ್ತು. ಅಜ್ಜಿಗೆ ಹೇಳಿಲ್ಲ.

ಇದು ಮಾಯಾಜಾಲ ಏನಲ್ಲ. ನಾಲ್ಕು ಚಾನೆಲ್ಲಿನಲ್ಲಿ ದಿಕ್ಕು ಸ್ವಲ್ಪ ಮಸುಕೇ. ಮೂರನೇ ಆರ್ಡರ್‌ಗೆ ಹೋದರೆ ಚೂಪಾಗುತ್ತೆ, ಆದರೆ 16 ಚಾನೆಲ್ ಬೇಕು. ಇಯರ್‌ಫೋನಿನ ಡಿಕೋಡರ್ ಯಾರದೋ ಕಿವಿಯ ಅಳತೆಯಿಂದ ಮಾಡಿದ್ದು. ನಿಮ್ಮ ಕಿವಿಗೆ ಮೇಲೆ-ಕೆಳಗೆ ಸರಿಯಾಗಿ ತಿಳಿಯದೇ ಇರಬಹುದು. ಜೊತೆಗೆ ಹಳೆಯ ಫ್ಯೂಮಾ, ಹೊಸ ಆಂಬಿಎಕ್ಸ್ ಅಂತ ಚಾನೆಲ್‌ಗಳ ಕ್ರಮ ಎರಡು ಥರ. ಫ್ಯೂಮಾ ಫೈಲನ್ನು ಆಂಬಿಎಕ್ಸ್ ಅಂತ ಓದಿಸಿದರೆ ಎದುರಿಗಿದ್ದ ದೇವರು ಎಡಕ್ಕೆ ಹೋಗ್ತಾನೆ, ಎಡಕ್ಕಿದ್ದ ಪೇಟಿ ಅಟ್ಟ ಹತ್ತುತ್ತೆ. ಡಿಕೋಡ್ ಮಾಡೋಕೆ ಐಇಎಂ ಪ್ಲಗಿನ್ ಸೂಟ್ ಪುಕ್ಕಟೆ ಸಿಗುತ್ತೆ, ಆಸ್ಟ್ರಿಯಾದ ಗ್ರಾಜ್‌ನವರದು.

ಪುಣೆಯಲ್ಲಿರೋ ಅತ್ತೆಗೆ ಎರಡು ನಿಮಿಷದ ತುಣುಕು ಕಳಿಸಿದ್ದೆ. ಹಾಡಿನ ಬಗ್ಗೆ ಮಾತೇ ಇಲ್ಲ. “ಹಿತ್ತಲ ಬಾಗಿಲಾ ಇನ್ನೂ ಹಂಗ ಕಿರ್ ಅಂತದಲ್ಲೋ,” ಅಂದ್ರು. ಹೌದು, ಬೆನ್ನ ಹಿಂದೆ, ಸ್ವಲ್ಪ ಬಲಕ್ಕೆ.

ಎ-ಫಾರ್ಮ್ಯಾಟಿನ ಮೂಲ ಫೈಲುಗಳನ್ನು ಎರಡು ಡಿಸ್ಕಿನಲ್ಲಿಟ್ಟು, ಮೈಕಿನ ಮುಖ ದೇವರಮನೆ ಕಡೆಗಿತ್ತು ಅಂತ ಬರೆದಿಟ್ಟಿದ್ದೇನೆ. ಜೆಸಿಬಿ ಬರೋದು ದೀಪಾವಳಿ ಆದ ಮೇಲಂತೆ. ಅಷ್ಟರೊಳಗೆ ಹೆಂಚಿನ ಮೇಲೆ ಮಳೆ ಬೀಳುವ ಒಂದು ರಾತ್ರಿ ಸಿಗಬೇಕು.